ಎರಡು ಜೀವ, ಒಂದು ಕೊಯ್ತಾ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಾದ ಶ್ರೀ ಸಂತೋಷ ಲಾಡ್ ಅವರಿಗೆ,

2025ರ ಅಕ್ಟೋಬರ್ 9ರಂದು ನಿಮ್ಮ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ ನಿಮ್ಮ ಇಲಾಖೆಯ ಆದೇಶವೂ ಹೊರಬಿತ್ತು. ವಯಸ್ಸು 18ರಿಂದ 52. ಕಾಯಂ, ಗುತ್ತಿಗೆ, ಹೊರಗುತ್ತಿಗೆ ಎಂಬ ಭೇದವಿಲ್ಲ, ವೈದ್ಯರ ಚೀಟಿಯೂ ಬೇಕಿಲ್ಲ. ಹೋಟೆಲ್ ಮಾಲೀಕರು ಹೈಕೋರ್ಟಿನ ಮೆಟ್ಟಿಲು ಹತ್ತಿದಾಗಲೂ ಸರ್ಕಾರ ಹಿಂದೆ ಸರಿಯಲಿಲ್ಲ. ಇದಕ್ಕೆ ಅಭಿನಂದನೆ ಹೇಳಿಯೇ ತಕರಾರಿಗೆ ಬರುತ್ತೇನೆ.

ಅದೇ ನವೆಂಬರ್‌ನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬಿನ ಹಂಗಾಮು ಜೋರಾಗಿತ್ತು. ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರದ ಕಡೆಯಿಂದ ಬಂದ ಕಟಾವಿನ ಗ್ಯಾಂಗುಗಳು ಊರ ಹೊರಗೆ ಜೋಪಡಿ ಹಾಕಿದ್ದವು. ಈ ಗ್ಯಾಂಗುಗಳಲ್ಲಿ ಒಂದು ಪದ್ಧತಿ ಇದೆ. ಜ್ವರ ಬರಲಿ, ಮುಟ್ಟಾಗಲಿ, ಕೂಸಿಗೆ ಹುಷಾರಿಲ್ಲದಿರಲಿ, ಒಂದು ದಿನ ಕೆಲಸ ತಪ್ಪಿದರೆ ಅದು ‘ಖಾಡಾ’. ಆ ದಿನದ ಕೂಲಿ ಹೋಗುವುದು ಮಾತ್ರವಲ್ಲ, ಮೇಲಿಂದ ದಂಡವೂ ಬೀಳುತ್ತದೆ. ಆ ದಂಡ ಗ್ಯಾಂಗು ಕರೆತರುವ ಮುಕಾದಮನ ವಹಿಯಲ್ಲಿ ಮುಂಗಡದ ಸಾಲಕ್ಕೆ ಸೇರುತ್ತದೆ.

ಬೆಂಗಳೂರಿನ ಕಚೇರಿಯಲ್ಲಿ ಮುಟ್ಟಿನ ದಿನಕ್ಕೆ ಸಂಬಳ, ಕೃಷ್ಣೆಯ ದಂಡೆಯ ಕಬ್ಬಿನ ಪಡದಲ್ಲಿ ಅದೇ ದಿನಕ್ಕೆ ದಂಡ. ಸರ್ಕಾರ ಒಂದೇ, ತಿಂಗಳೂ ಒಂದೇ. ಈ ಪತ್ರ ಬರೆಯಲು ಇಷ್ಟೇ ಕಾರಣ ಸಾಕಿತ್ತು. ಆದರೆ ಇನ್ನೂ ಇವೆ.

ಕಬ್ಬು ಕಡಿಯುವುದನ್ನು ನೀವು ಕಾರಿನ ಕಿಟಕಿಯಿಂದ ನೋಡಿರುತ್ತೀರಿ. ಒಮ್ಮೆ ಇಳಿದು ನೋಡಿ. ಬೆಳಕು ಹರಿಯುವ ಮೊದಲೇ ಗಂಡ ಬುಡಕ್ಕೆ ಕೊಯ್ತಾ, ಅಂದರೆ ಕಬ್ಬಿನ ಮಚ್ಚು, ಹಾಕುತ್ತಾನೆ. ಹೆಂಡತಿ ಹಿಂದಿನಿಂದ ಬಂದು ರವದಿ ಸವರಿ, ಸುಳಿ ಕತ್ತರಿಸಿ, ಗಳಗಳನ್ನು ಜೋಡಿಸಿ, ಅದೇ ಸೋಗೆಯನ್ನು ಹೊಸೆದು ಮೋಳಿ ಕಟ್ಟುತ್ತಾಳೆ. ಟ್ರ್ಯಾಕ್ಟರ್ ಬಂದ ಮೇಲೆ ಅವಳ ಎರಡನೆಯ ಪಾಳಿ. ಟ್ರೇಲರಿಗೆ ಒಂದು ಹಲಗೆ ಆನಿಸಿರುತ್ತಾರೆ. ತಲೆಯ ಮೇಲೆ ಮೋಳಿ ಹೊತ್ತು ಆ ಹಲಗೆ ಏರಬೇಕು, ಚೆಲ್ಲಿ ಇಳಿಯಬೇಕು, ಮತ್ತೆ ಏರಬೇಕು. ಇಬ್ಬನಿ ಬಿದ್ದರೆ ಹಲಗೆ ಜಾರುತ್ತದೆ. ಬಸುರಿಯೂ ಏರುತ್ತಾಳೆ. ಟ್ರೇಲರ್ ತುಂಬಿ ಹೋದ ಮೇಲೆ ಜೋಪಡಿಗೆ ಮರಳಿ ನೀರು ತರುವವಳು, ಒಲೆ ಹಚ್ಚುವವಳು ಅವಳೇ.

ಇಷ್ಟರ ಲೆಕ್ಕ ಹೇಗೆ? ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ. ಹಂಗಾಮಿಗೆ ಮೊದಲು ಕೊಡುವ ಉಚಲು, ಅಂದರೆ ಮುಂಗಡ, ಕೊಯ್ತಾಕ್ಕೆ ಇಷ್ಟು ಎಂದು ಗಂಡನ ಕೈಗೆ ಬೀಳುತ್ತದೆ. ಕಡಿದ ಟನ್ನಿನ ಹಣವೂ ಕೊಯ್ತಾದ ಖಾತೆಗೇ ಏರುತ್ತದೆ. ಹೆಂಡತಿಗೆ ಕಡಿಮೆ ಕೂಲಿ ಎಂದು ನಾನು ದೂರುತ್ತಿಲ್ಲ. ಅವಳ ಹೆಸರಿನಲ್ಲಿ ಕೂಲಿ ಎಂಬುದೇ ಇಲ್ಲ. ಕಡಿಮೆ ಕೊಟ್ಟಿದ್ದರೆ ಎಷ್ಟು ಕಡಿಮೆ ಎಂದಾದರೂ ಕೇಳಬಹುದಿತ್ತು. ಗಂಡ ಸತ್ತರೆ ಸಾಲ ಮಾತ್ರ ಅವಳ ಹೆಸರಿಗೆ ಬರುತ್ತದೆ. ಆಗ ಮುಕಾದಮನಿಗೆ ಅವಳ ಹೆಸರು ಚೆನ್ನಾಗಿ ನೆನಪಾಗುತ್ತದೆ.

ಇದಕ್ಕೆ ಕಾನೂನಿಲ್ಲವೆ? ಧಾರಾಳವಾಗಿದೆ. ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಸಂವಿಧಾನದ 39ನೇ ವಿಧಿ ಹೇಳಿತು. 1976ರಲ್ಲಿ ಸಮಾನ ಸಂಭಾವನೆ ಕಾಯ್ದೆ ಬಂತು. ಕಡಿಯುವುದೇ ಬೇರೆ, ಕಟ್ಟುವುದೇ ಬೇರೆ ಎಂದು ವಾದಿಸುವವರಿಗೆ ಸುಪ್ರೀಂ ಕೋರ್ಟ್ 1987ರಲ್ಲೇ, ಮೆಕಿನನ್ ಮೆಕೆಂಜಿ ಕಂಪನಿಯ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಸಣ್ಣಪುಟ್ಟ ವ್ಯತ್ಯಾಸ ಹುಡುಕಬೇಡಿ, ಒಟ್ಟು ಕೆಲಸದ ಸ್ವರೂಪ ನೋಡಿ ಎಂಬುದು ಆ ತೀರ್ಪಿನ ತಾತ್ಪರ್ಯ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1976ರ ಕಾಯ್ದೆ ಹೋಗಿ, ವೇತನ ಸಂಹಿತೆಯ 3ನೇ ಕಲಂ ಅದರ ಜಾಗದಲ್ಲಿ ಕೂತಿದೆ. ಲಿಂಗದ ಆಧಾರದ ಮೇಲೆ ಕೂಲಿಯಲ್ಲಿ ತಾರತಮ್ಯ ಕೂಡದು ಎಂದು ಅದೂ ಹೇಳುತ್ತದೆ. ಬಾಕಿ ಕೂಲಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ಕೂಲಿ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಮಾಲೀಕನದು, ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಓದಿದರೆ ಹೊಟ್ಟೆ ತುಂಬುತ್ತದೆ.

ಆದರೆ ಅರ್ಜಿ ಯಾರ ಮೇಲೆ ಹಾಕಬೇಕು? ಇಲ್ಲಿಂದ ಕಣ್ಣಾಮುಚ್ಚಾಲೆ ಶುರು. ಮುಕಾದಮನನ್ನು ಕೇಳಿದರೆ ತಾನೂ ಕೂಲಿಯವನೇ, ಸಾಗಾಣಿಕೆ ಗುತ್ತಿಗೆದಾರ ಕೊಟ್ಟರೆ ಕೊಡುವೆ ಎನ್ನುತ್ತಾನೆ. ಗುತ್ತಿಗೆದಾರ ಕಾರ್ಖಾನೆಯ ಕಡೆ ಕೈ ತೋರಿಸುತ್ತಾನೆ. ಕಾರ್ಖಾನೆಯವರು ಕಬ್ಬು ರೈತನದು, ಕಡಿಸುವುದು ಅವನ ಪರವಾಗಿ, ಇವರು ನಮ್ಮ ಕಾರ್ಮಿಕರೇ ಅಲ್ಲ ಎನ್ನುತ್ತಾರೆ. ರೈತನನ್ನು ಕೇಳಿ ನೋಡಿ: ಅವನ ಬಿಲ್ಲಿನಲ್ಲಿ ‘ಕಟಾವು ಮತ್ತು ಸಾಗಾಣಿಕೆ’ ಎಂದು ದುಡ್ಡು ಮುರಿದುಕೊಂಡಾಗಿದೆ. ಎಷ್ಟು ಟನ್, ಯಾವ ಗಾಡಿ, ಯಾವ ಹೊತ್ತಿಗೆ ಕಾಟಾ, ಅಂದರೆ ತೂಕ, ಆಯಿತು ಎಲ್ಲವೂ ಕಂಪ್ಯೂಟರಿನಲ್ಲಿದೆ. ಕಡಿದವಳ ಹೆಸರೊಂದು ಇಲ್ಲ. ಇದು ಯಾವುದೋ ಒಂದು ಕಾರ್ಖಾನೆಯ ಮೇಲಿನ ದೂರಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ನಮ್ಮ ಬೆಳಗಾವಿ, ಇಡೀ ಪದ್ಧತಿಯೇ ಹೀಗೆ ಕಟ್ಟಿದ್ದು. ಈ ಪದ್ಧತಿಯನ್ನು ಯಾರೂ ಯಾಕೆ ಮುಟ್ಟುವುದಿಲ್ಲ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಡ. ನಮ್ಮ ಭಾಗದ ರಾಜಕಾರಣಿಗಳಲ್ಲಿ ಸಕ್ಕರೆಯ ನಂಟಿಲ್ಲದವರನ್ನು ಕಂದೀಲು ಹಿಡಿದು ಹುಡುಕಬೇಕು, ಪಕ್ಷ ಯಾವುದಾದರೂ ಸರಿ.

ಗುರ್ಲಾಪುರ ಕ್ರಾಸ್ ನಿಮಗೆ ನೆನಪಿದೆಯಲ್ಲ. ಅದೇ ನವೆಂಬರ್‌ನ ಮೊದಲ ವಾರ ರೈತರು ಕಬ್ಬಿನ ದರಕ್ಕಾಗಿ ಅಲ್ಲಿ ಧರಣಿ ಕೂತಿದ್ದರು. ಸಚಿವರು ಬಂದರು, ಬೆಂಗಳೂರಿನಲ್ಲಿ ಸಭೆಯ ಮೇಲೆ ಸಭೆ ನಡೆದವು, ಕೊನೆಗೆ ಟನ್ನಿಗೆ 3,300 ರೂಪಾಯಿ ಎಂದು ಮುಖ್ಯಮಂತ್ರಿಗಳು ಘೋಷಿಸಿದರು. ಕಾರ್ಖಾನೆ ಕೊಡುವುದು 3,250, ಸರ್ಕಾರದ ಪಾಲು 50. ರೈತರು ಗೆದ್ದದ್ದು ನ್ಯಾಯವೇ. ಆದರೆ ಆ ಎಲ್ಲ ಸಭೆಗಳಲ್ಲಿ ಟನ್ನಿನ ಲೆಕ್ಕದಲ್ಲಿ ಕೂತಿದ್ದವರು ಬೆಳೆದವರು, ನುರಿಸಿದವರು, ಆಳುವವರು. ಕಡಿದು ಕಟ್ಟಿ ಹೊತ್ತವರ ಪರವಾಗಿ ಕುರ್ಚಿ ಹಾಕಿದ್ದು ಕಾಣಲಿಲ್ಲ. ಕಾರ್ಮಿಕ ಇಲಾಖೆಯನ್ನು ಅಲ್ಲಿಗೆ ಕರೆಯಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ. ನಿಮಗೂ.

ಕಣ್ಣು ಮುಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ರಾಜ್ಯವೇ ಸಾಕ್ಷಿ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಬೀಡ್ ಜಿಲ್ಲೆಯಲ್ಲಿ ಸಮೀಕ್ಷೆಗೆ ಒಳಗಾದ 82,309 ಮಹಿಳಾ ಕಬ್ಬು ಕಾರ್ಮಿಕರಲ್ಲಿ 13,861 ಮಂದಿಯ ಗರ್ಭಕೋಶ ತೆಗೆದಿತ್ತು. ಬಿಳಿಸೆರಗಿಗೆ, ಹೊಟ್ಟೆನೋವಿಗೆ ಮದ್ದು ಕೊಡಬೇಕಾದಲ್ಲಿ ಚೀಲವನ್ನೇ ತೆಗೆದು ಕಳಿಸಿದ ಡಾಕ್ಟರುಗಳ ಕತೆ ಬೇರೆಯೇ ಇದೆ. ನನಗೆ ಮುಖ್ಯವೆನಿಸುವುದು ಆ ಹೆಂಗಸರ ಲೆಕ್ಕಾಚಾರ: ಮುಟ್ಟು ನಿಂತರೆ ಖಾಡಾ ತಪ್ಪುತ್ತದೆ. ಆ ಜಿಲ್ಲೆಯ ಗ್ಯಾಂಗುಗಳೇ ಪ್ರತಿ ವರ್ಷ ನಮ್ಮ ಹೊಲಗಳಿಗೂ ಬರುವುದು. ಗಡಿ ದಾಟಿದೊಡನೆ ಅವರು ನಿಮ್ಮ ಇಲಾಖೆಯ ವ್ಯಾಪ್ತಿಗೆ ಬರುತ್ತಾರೆ ಎಂಬುದನ್ನು ನೆನಪಿಸಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ದಾರಿ ಇಲ್ಲವೆನ್ನಬೇಡಿ. ಮಹಾರಾಷ್ಟ್ರ ಗೋಪಿನಾಥ ಮುಂಡೆಯವರ ಹೆಸರಿನಲ್ಲಿ ಕಬ್ಬು ಕಟಾವು ಕಾರ್ಮಿಕರ ಕಲ್ಯಾಣ ಮಂಡಳಿ ಮಾಡಿ, ಟನ್ನಿಗೆ 10 ರೂಪಾಯಿಯಂತೆ ಕಾರ್ಖಾನೆಗಳಿಂದ ಎತ್ತುವ ತೀರ್ಮಾನ ಮಾಡಿತು. ಅಷ್ಟು ದೂರ ಯಾಕೆ, ನಿಮ್ಮದೇ ಕೆಲಸ ನೋಡಿ. 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿರಿ. ಊಟ ತಲುಪಿಸುವ ಹುಡುಗರು ನಮ್ಮ ನೌಕರರಲ್ಲ, ಪಾಲುದಾರರು ಎಂದು ಆ ಕಂಪನಿಗಳೂ ಹೇಳುತ್ತಿದ್ದವು. ನೀವು ಆ ಮಾತಿಗೆ ಸೊಪ್ಪು ಹಾಕದೆ, ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹೇರಿದಿರಿ. ಬೆಂಗಳೂರಿನ ಆ್ಯಪ್ ಕಂಪನಿಗೆ ಹೇಳಿದ ಮಾತನ್ನೇ ಅಥಣಿಯ ಸಕ್ಕರೆ ಕಾರ್ಖಾನೆಗೂ ಹೇಳಲು ಏನಡ್ಡಿ? ಮೊಬೈಲಿನಲ್ಲಿ ಬರುವ ಆರ್ಡರಿಗಿಂತ ಕಾಟಾ ಚೀಟಿ ಎಣಿಸುವುದು ಸುಲಭ.

ಇನ್ನು ನಿಪ್ಪಾಣಿ. ಇಲ್ಲಿಯ ತಂಬಾಕಿನ ವಖಾರಿಗಳಲ್ಲಿ ಬಡಿದವರು, ಜರಡಿ ಹಿಡಿದವರು, ಆ ಘಾಟು ಕುಡಿದು ಕೆಮ್ಮಿದವರು ಹೆಂಗಸರು. 1970ರ ದಶಕದ ಕೊನೆಗೆ ಅವರು ಸುಭಾಷ ಜೋಶಿಯವರ ಜೊತೆ ಸೇರಿ ಸಂಘ ಕಟ್ಟಿದರು: ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘ. ಕೂಲಿಗಾಗಿ ಮಾತ್ರವಲ್ಲ, ಮೇಸ್ತ್ರಿಯ ಕೈ, ಬಾಯಿ ಎರಡಕ್ಕೂ ಕಡಿವಾಣ ಹಾಕಲು ಬೀದಿಗಿಳಿದರು. ಯುಗಾಂತರ್ ಎಂಬ ಬೆಂಗಳೂರಿನ ಮಹಿಳೆಯರ ತಂಡ, ದೀಪಾ ಧನರಾಜ್ ಮತ್ತು ಗೆಳತಿಯರು, 1982ರಲ್ಲಿ ಅವರನ್ನೇ ಕೂಡಿಕೊಂಡು ‘ತಂಬಾಖೂ ಚಾಕಿಲಾ ಊಬ್ ಆಲೀ’ ಎಂಬ ಚಿತ್ರ ಮಾಡಿತು. ಛಾಯಾ ದಾತಾರ್ ಈ ಹೆಂಗಸರ ಮೇಲೆ ಪುಸ್ತಕವನ್ನೇ ಬರೆದರು. ಆ ಚಿತ್ರವನ್ನು ಇವತ್ತು ಬರ್ಲಿನ್ನಿನ ಸಂಸ್ಥೆಯೊಂದು ಜೋಪಾನ ಮಾಡಿ ಇಟ್ಟಿದೆ. ನಿಪ್ಪಾಣಿ ಎಂದರೆ 1981ರ ಏಪ್ರಿಲ್‌ನ ತಂಬಾಕು ರೈತರ ಚಳವಳಿ, ಗೋಲಿಬಾರು, ಹುತಾತ್ಮರು ಎಂದು ಎಲ್ಲರಿಗೂ ಗೊತ್ತು. ಅದೇ ಊರಿನ ಹೆಂಗಸರ ಮುಷ್ಕರ ನಮ್ಮವರಿಗೇ ಮರೆತಿದೆ. ಈ ಭಾಗಕ್ಕೆ ವರ್ಗವಾಗಿ ಬರುವ ಕಾರ್ಮಿಕ ನಿರೀಕ್ಷಕರಿಗೆ ಮೊದಲ ದಿನ ಆ ಚಿತ್ರ ತೋರಿಸಬೇಕೆಂದು ಸುತ್ತೋಲೆ ಹೊರಡಿಸಿ, ಖರ್ಚೇನೂ ಇಲ್ಲ.

ವಖಾರಿಯವರು ಒಂದೆಡೆ ಸೇರುತ್ತಿದ್ದರು, ಅದಕ್ಕೇ ಸಂಘ ಕಟ್ಟಿದರು. ಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವಳು ಒಬ್ಬಳೇ. ಎಲೆ, ತಂಬಾಕು, ದಾರ ಗುತ್ತೇದಾರ ಕೊಡುತ್ತಾನೆ. ಎಲೆ ಹರಿದದ್ದಿದ್ದರೂ, ತೂಕದಲ್ಲಿ ಕಡಿಮೆ ಬಿದ್ದರೂ ಸಾವಿರದ ಲೆಕ್ಕ ತುಂಬಬೇಕು. ಸಂಜೆ ಕಟ್ಟುಗಳನ್ನು ಒಪ್ಪಿಸುವಾಗ ಅವನು ಕೈಯಾಡಿಸಿ ‘ಛಾಟ್’ ಎಂದು ಒಂದಷ್ಟನ್ನು ಬದಿಗೆ ಸರಿಸುತ್ತಾನೆ. ಅದಕ್ಕೆ ಕೂಲಿ ಇಲ್ಲ, ಬೀಡಿಯೂ ವಾಪಸ್ಸಿಲ್ಲ. ಎದುರು ಮಾತಾಡಿದವಳಿಗೆ ನಾಳೆ ಎಲೆ ಸಿಗುವುದಿಲ್ಲ. ಕೆಲಸದಿಂದ ತೆಗೆದೆ ಎಂಬ ಮಾತೂ ಇಲ್ಲ, ಕಾಗದವೂ ಇಲ್ಲ, ಎಲೆ ಮುಗಿದಿದೆ ಅಷ್ಟೆ.

ಈ ಹೊಸ್ತಿಲಿನವಳನ್ನು ಕಾನೂನು 1966ರಲ್ಲೇ ಕಂಡಿತ್ತು ಎಂಬುದು ಸೋಜಿಗ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದು ಕರೆಯಿತು. ಮಾಲೀಕರು ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಎಂಬತ್ತರ ದಶಕದಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯ ನಿಧಿ ಕೊಡಬೇಕೆಂದಿತು. ಛಾಟ್ ಜಗಳ ತೀರಿಸಲು ಒಬ್ಬ ಅಧಿಕಾರಿ ಇರಬೇಕೆಂದೂ ಆ ಕಾಯ್ದೆಯಲ್ಲಿತ್ತು. ನಿಮ್ಮ ಮುಟ್ಟಿನ ರಜೆಯ ಆದೇಶದಲ್ಲಿ ಕಾರ್ಖಾನೆ, ಅಂಗಡಿ, ಪ್ಲಾಂಟೇಷನ್, ಮೋಟಾರು ಸಾರಿಗೆ ಕಾಯ್ದೆಗಳ ಜೊತೆಗೆ ಈ ಬೀಡಿ ಕಾಯ್ದೆಯ ಹೆಸರೂ ಇದೆ. ಅದನ್ನು ಓದಿದಾಗ ನನಗೆ ಖುಷಿಯೇ ಆಯಿತು. ಆಮೇಲೆ ಪ್ರಶ್ನೆ ಹುಟ್ಟಿತು. ಸಾವಿರ ಬೀಡಿಗೆ ಇಷ್ಟು ಎಂದು ಪಡೆಯುವವಳಿಗೆ ಆ ರಜೆ ಕೈಗೆ ಬರುವುದು ಹೇಗೆ? ಅವಳು ಕಟ್ಟದ ದಿನ ಸೊನ್ನೆ. ಸೊನ್ನೆಗೆ ಸಂಬಳ ಸಹಿತ ರಜೆ ಎಂದರೆ ಎಷ್ಟು?

ಉತ್ತರವೂ ಅದೇ ಕಾಯ್ದೆಯಲ್ಲಿತ್ತು. ವಾರ್ಷಿಕ ರಜೆಯ ಕೂಲಿಯನ್ನು ಹಿಂದಿನ ತಿಂಗಳು ದುಡಿದ ದಿನಗಳ ಸರಾಸರಿ ಗಳಿಕೆಯ ಲೆಕ್ಕದಲ್ಲಿ ಕೊಡಬೇಕೆಂದು ಅದು ಹೇಳುತ್ತಿತ್ತು. ಸೂತ್ರ ಅಲ್ಲೇ ಸಿದ್ಧವಿದೆ. ಮುಟ್ಟಿನ ರಜೆಗೂ ಅದನ್ನೇ ಅನ್ವಯಿಸಿ, ಕೂಲಿಯ ಹೊಣೆ ಗುತ್ತೇದಾರನದಲ್ಲ, ಬೀಡಿಗೆ ಲೇಬಲ್ ಹಚ್ಚುವ ಕಂಪನಿಯದು ಎಂದು ಒಂದು ಸಾಲು ಬರೆದರೆ ಮುಗಿಯಿತು. ಬೇಗ ಬರೆಯಬೇಕು. ನೀವು ಹೆಸರಿಸಿದ ಐದು ಕಾಯ್ದೆಗಳಲ್ಲಿ ಕೇಂದ್ರದ ನಾಲ್ಕನ್ನೂ ಹೊಸ ಸಂಹಿತೆ ನುಂಗಿದೆ. ಆದೇಶವನ್ನು ಹೊಸ ಕಾನೂನಿನ ಮೇಲೆ ಕೂರಿಸದಿದ್ದರೆ ಮುಂದೊಂದು ದಿನ ಯಾವುದೋ ವಕೀಲರು ಅದರ ಕಾಲು ಮುರಿಯುತ್ತಾರೆ. ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕತೆ ಗೊತ್ತಲ್ಲ: 2017ರಲ್ಲಿ ಜಿಎಸ್‌ಟಿ ಬಂದಾಗ ಅದು ರದ್ದಾಯಿತು, ಮಕ್ಕಳ ವಿದ್ಯಾರ್ಥಿವೇತನಕ್ಕೂ ಆಸ್ಪತ್ರೆಗೂ ಅದೇ ದುಡ್ಡು ಆಧಾರವಾಗಿತ್ತು. ಕಾನೂನು ಬದಲಾಗುವಾಗ ಕೈಬಿಟ್ಟುಹೋಗುವವರು ಯಾವಾಗಲೂ ಇವರೇ.

ಚಪ್ಪಲಿಯ ವಿಷಯ ಬೇರೊಂದು ಪತ್ರಕ್ಕೆ ಆಗುವಷ್ಟಿದೆ. 2025ರಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಕೊಲ್ಹಾಪುರಿ ಮೆರೆಸಿದಾಗ ಹೆಸರು ಕೊಡಲಿಲ್ಲವೆಂದು ನಾವೆಲ್ಲ ಗದ್ದಲ ಮಾಡಿದೆವು. ಅಥಣಿ, ನಿಪ್ಪಾಣಿಯ ಸಮಗಾರರ ಮನೆಗಳಲ್ಲಿ ಆ ಪಟ್ಟಿಗೆ ಹೆಣಿಗೆ ಹಾಕುವ ಹೆಂಗಸಿಗೆ ನಾವು ಯಾವ ಹೆಸರು ಕೊಟ್ಟಿದ್ದೇವೆ ಎಂದಷ್ಟೇ ಕೇಳಿ ಮುಂದೆ ಹೋಗುತ್ತೇನೆ.

ಮೇಸ್ತ್ರಿ, ಮುಕಾದಮ, ಗಾಡಿ ಡ್ರೈವರ್, ಯಾರಾದರೂ ಕೈ ಹಾಕಿದರೆ ಏನು ಮಾಡಬೇಕು? ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ, ಅಥವಾ ದೂರು ಮಾಲೀಕನ ಮೇಲೇ ಇದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಸಮಿತಿ ಬೆಳಗಾವಿಯಲ್ಲಿ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು, ಕಾಗವಾಡದವರಿಗೆ ಮೀರಜ್ ಪಕ್ಕದ ಓಣಿಯಾದರೆ ಬೆಳಗಾವಿ ಪರದೇಶ. ಚಿಕ್ಕೋಡಿಯನ್ನು ಜಿಲ್ಲೆ ಮಾಡಿ ಎಂದು ನಾವು ಕೂಗುತ್ತ ಬಂದದ್ದು ಕಚೇರಿಯ ಗೋಡೆಗಳಿಗಾಗಿ ಅಲ್ಲ. ಆದರೆ ಕಾಯ್ದೆ ಬರೆದವರು ಈ ದೂರವನ್ನು ಯೋಚಿಸಿದ್ದರು. ಪ್ರತಿ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು ಎಂದು 6ನೇ ಕಲಂ ಹೇಳುತ್ತದೆ. 2024ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಇದನ್ನೇ ಗಡುವು ಹಾಕಿ ಮತ್ತೆ ಹೇಳಿತು. ಆ ಅಧಿಕಾರಿ ನಮ್ಮ ಐದು ತಾಲ್ಲೂಕುಗಳಲ್ಲಿ ಯಾರು? ಹೆಸರೇನು, ಫೋನು ಯಾವುದು? ಬೀಡಿ ಗುತ್ತೇದಾರನ ಬಾಗಿಲಲ್ಲಿ, ಕಾರ್ಖಾನೆಯ ಕಾಟಾದ ಬಳಿ, ಬಸ್ ನಿಲ್ದಾಣದಲ್ಲಿ ಬರೆಸಿ. ಕನ್ನಡ ಮೇಲಿರಲಿ, ಕೆಳಗೆ ಮರಾಠಿಯೂ ಇರಲಿ. ಗಡಿಯ ಜಗಳ ನಮಗೆ ಹೊಸದಲ್ಲ, ಆದರೆ ಅದಕ್ಕಾಗಿ ಒಬ್ಬ ಹೆಂಗಸು ಫಲಕ ಓದಲಾಗದೆ ಹೋಗಬಾರದು. ಇದು ನನ್ನ ಇಲಾಖೆಯಲ್ಲ ಎನ್ನುವಿರಾದರೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ನಮ್ಮ ಜಿಲ್ಲೆಯವರೇ. ಸಂಪುಟ ಸಭೆಯಲ್ಲಿ ಒಂದು ಮಾತು ಹೇಳಿದರೆ ಆಗುವ ಕೆಲಸ. ದೂರು ಕೊಡಲು ಕಾಯ್ದೆ ಕೊಟ್ಟಿರುವುದು ಮೂರು ತಿಂಗಳು, ಗ್ಯಾಂಗು ಊರಲ್ಲಿರುವುದು ಒಂದು ಹಂಗಾಮು. ಫೈಲು ಓಡಾಡುವಷ್ಟರಲ್ಲಿ ಜೋಪಡಿ ಎತ್ತಿರುತ್ತಾರೆ.

ಸಮಾನ ಕೂಲಿ ಎಂಬುದು ಹಳ್ಳಿಯಲ್ಲಿ ಆಗದ ಮಾತು ಎಂದು ಅಧಿಕಾರಿಗಳು ನಿಮಗೆ ಹೇಳಬಹುದು. ಗಂಡಾಳಿಗೊಂದು ಪಗಾರ, ಹೆಣ್ಣಾಳಿಗೊಂದು ಪಗಾರ, ಇದು ಹಿಂದಿನಿಂದ ಬಂದದ್ದು ಎಂದು ನಮ್ಮ ರೈತರೂ ಅನ್ನುತ್ತಾರೆ. ಅದೇ ಹಳ್ಳಿಯಲ್ಲಿ ನರೇಗಾ ಕೆಲಸಕ್ಕೆ 2025ರ ಏಪ್ರಿಲ್‌ನಿಂದ ದಿನಕ್ಕೆ 370 ರೂಪಾಯಿ ನಿಗದಿಯಾಯಿತು. ಗಂಡಿಗೂ ಅಷ್ಟೆ, ಹೆಣ್ಣಿಗೂ ಅಷ್ಟೆ, ದುಡ್ಡು ಅವರವರ ಖಾತೆಗೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಸರ್ಕಾರ ತನ್ನ ಕೆಲಸಕ್ಕೆ ಹಾಕಿಕೊಂಡ ನಿಯಮವನ್ನು ಸಕ್ಕರೆಯ ಲಾಭ ಉಣ್ಣುವವರಿಗೆ ಹಾಕುವಾಗ ಮಾತ್ರ ಹಿಂದಿನ ಕಾಲ ನೆನಪಾಗುವುದೇಕೆ?

ಸಂಹಿತೆಗಳ ಅಡಿಯಲ್ಲಿ ರಾಜ್ಯದ ನಿಯಮ ಮಾಡುವ ಅಧಿಕಾರ ನಿಮ್ಮ ಕೈಯಲ್ಲಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಸಂಸ್ಥೆಯ ಒಡೆಯನೇ ಕೊಡಬೇಕೆಂದು ವೇತನ ಸಂಹಿತೆಯ 43ನೇ ಕಲಂ ಆಗಲೇ ಹೇಳಿದೆ. ಕಾರ್ಖಾನೆಗೆ ಬರುವ ಕಬ್ಬಿನ ಕಟಾವಿಗೆ ಕಾರ್ಖಾನೆಯೇ ಹೊಣೆ ಎಂದು ನಿಯಮದಲ್ಲಿ ಬಿಡಿಸಿ ಬರೆಯಿರಿ. ಕೊಯ್ತಾದ ಲೆಕ್ಕ ರದ್ದು ಮಾಡಿ: ಕಡಿದವನ ಹೆಸರು ಬೇರೆ, ಕಟ್ಟಿ ಹೊತ್ತವಳ ಹೆಸರು ಬೇರೆ, ಇಬ್ಬರ ಖಾತೆಗೂ ಸಮ ಪಾಲು. ಖಾಡಾದ ದಂಡ ವಸೂಲಿ ಮಾಡಿದವನ ಮೇಲೆ ಕೇಸು ಹಾಕಿ. ಹೆಸರು ನೋಂದಾಯಿಸದ ಗ್ಯಾಂಗು ಕಡಿದ ಕಬ್ಬಿಗೆ ಕಾಟಾ ಆಗಬಾರದು. ಈ ಒಂದು ಷರತ್ತು ಸಾಕು, ಹದಿನೈದು ದಿನದಲ್ಲಿ ಎಲ್ಲರ ಹೆಸರೂ ತಾನಾಗಿ ಪಟ್ಟಿಗೆ ಬರುತ್ತವೆ. ಬೀಡಿಯವರ ರಜೆಗೆ ಸರಾಸರಿ ಕೂಲಿಯ ಸಾಲು ಸೇರಿಸಿ. ನೋಡಲ್ ಅಧಿಕಾರಿಗಳ ಹೆಸರು ಗೋಡೆಗೆ ಬರಲಿ.

ಪ್ರತಿ ವರ್ಷ ಡಿಸೆಂಬರ್‌ನಲ್ಲಿ ನೀವೆಲ್ಲ ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಆ ಹೊತ್ತಿಗೆ ಹಂಗಾಮು ಅರ್ಧ ದಾರಿಗೆ ಬಂದಿರುತ್ತದೆ, ಕಡಿಯುವವರೂ ಇಲ್ಲೇ ಇರುತ್ತಾರೆ. ಮುಂದಿನ ಅಧಿವೇಶನದಲ್ಲಿ ಸದನಕ್ಕೆ ಒಂದು ಅಂಕಿ ಹೇಳಿ: ಬೆಳಗಾವಿ ಜಿಲ್ಲೆಯಲ್ಲಿ ತನ್ನ ಹೆಸರಿಗೆ, ತನ್ನ ಖಾತೆಗೆ ಕಟಾವಿನ ಕೂಲಿ ಪಡೆದ ಹೆಂಗಸರು ಎಷ್ಟು ಜನ. ಉತ್ತರ ಸೊನ್ನೆ ಎಂದಾದರೆ ಸೊನ್ನೆ ಎಂದೇ ಹೇಳಿ, ಕಡತದಲ್ಲಿ ದಾಖಲಾಗಲಿ. ಈ ಪತ್ರಕ್ಕೂ ಉತ್ತರವನ್ನು ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿ.

ಇಂತಿ,
ಚಿಕ್ಕೋಡಿ ಸೀಮೆಯ ಒಬ್ಬ ನಾಗರಿಕ